ರಾತ್ರಿ ಹಾರುವ ಪುಟ್ಟಿಗೆ ದೊಡ್ಡಪ್ಪನ ಪತ್ರ

ಮಂಡ್ಯ

ಚಿ. ಪುಟ್ಟಿಗೆ ಆಶೀರ್ವಾದಗಳು.

ಮಂಡಕಳ್ಳಿಯಲ್ಲಿ ನೀನು ಒಬ್ಬಳೇ ವಿಮಾನ ಹಾರಿಸಿದ್ದಕ್ಕೆ ನಿಮ್ಮಪ್ಪ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದನಂತೆ. ಇನ್ನು ರಾತ್ರಿ ಹಾರಾಟ ಕಲಿಯುತ್ತೀ ಅಂದ. ಅದಕ್ಕೇ ಬರೆಯುತ್ತಿದ್ದೇನೆ. ಲಾರಿ ಓಡಿಸಿದವನಿಗೇನು ಗೊತ್ತು ಅಂತ ನಗಬೇಡ.

ಒಂದು ಜನವರಿ, ಬೆಳಗಿನ ಜಾವ. ಶ್ರೀರಂಗಪಟ್ಟಣದ ಕಡೆಯಿಂದ ಕಬ್ಬು ತರುತ್ತಿದ್ದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಾನೆಟ್ಟೂ ಕಾಣಲಿಲ್ಲ. ನಿಲ್ಲಿಸಬಹುದಿತ್ತು. ಫ್ಯಾಕ್ಟರಿ ಗೇಟಿನ ಸಾಲಿನಲ್ಲಿ ಮುಂದಿರಬೇಕು ಅನ್ನೋ ಆಸೆ. ನೇರ ಹೋಗುತ್ತಿದ್ದೇನೆ ಅಂದುಕೊಂಡೇ ಗದ್ದೆಗೆ ಇಳಿಸಿದೆ! ಬ್ರೇಕ್ ಒತ್ತಿದೆ, ಬದುಕಿದೆ. ನಿನಗೆ ಮೇಲೆ ಆ ಬ್ರೇಕ್ ಇಲ್ಲ ಅಲ್ವಾ?

ಹೊರಗೆ ಏನೂ ಕಾಣದಾಗ ವಿಮಾನ ಮೆಲ್ಲಗೆ ವಾಲಿದರೆ ಕಿವಿಯೊಳಗಿನ ದ್ರವಕ್ಕೆ ಗೊತ್ತೇ ಆಗುವುದಿಲ್ಲವಂತೆ. ನೆಟ್ಟಗಿದ್ದೇನೆ ಅನ್ನಿಸುತ್ತದೆ. ವಿಮಾನ ಸುತ್ತು ಹಾಕುತ್ತಾ ಮೂತಿ ಇಳಿದು ವೇಗ ಏರುತ್ತದೆ. ಗಾಬರಿಯಲ್ಲಿ ಕಂಟ್ರೋಲ್ ಎಳೆದರೆ ಸುತ್ತು ಇನ್ನೂ ಬಿಗಿಯಾಗುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಮೀಟರ್ ನೋಡಿ ಹಾರಿಸಲು ಕಲಿಯದ 20 ಪೈಲಟ್‌ಗಳಿಗೆ ಹೊರಗಿನ ನೋಟ ಮರೆಮಾಡಿ ನೋಡಿದರು. ಎಲ್ಲರ ಹಿಡಿತವೂ ತಪ್ಪಿತು, ಸರಾಸರಿ 178 ಸೆಕೆಂಡಿನಲ್ಲಿ. ನಿಮ್ಮ ದೊಡ್ಡಮ್ಮನ ಒಲೆಯ ಮೇಲೆ ಅಷ್ಟರಲ್ಲಿ ಹಾಲೂ ಉಕ್ಕುವುದಿಲ್ಲ.

1959ರ ಫೆಬ್ರವರಿ 3ರಂದು ಅಮೆರಿಕದ ಹಾಡುಗಾರ ಬಡ್ಡಿ ಹಾಲಿ ಸತ್ತಿದ್ದು ಹೀಗೇ. ಊರೂರು ಸುತ್ತಿ ಹಾಡುತ್ತಿದ್ದ ಅವರ ತಂಡದ ಬಸ್ಸಿನ ಹೀಟರ್ ಕೆಟ್ಟಿತ್ತು. ಚಳಿ ತಡೆಯಲಾಗದೆ ನಡುರಾತ್ರಿ ಪುಟ್ಟ ವಿಮಾನ ಹಿಡಿದರು. ಪೈಲಟ್‌ಗೆ ಬರೀ 21 ವರ್ಷ. ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಮೀಟರ್ ನೋಡಿಯೇ ಹಾರಿಸುವ ಅರ್ಹತೆ, ಇರಲಿಲ್ಲ, ಹವಾಮಾನದ ಎಚ್ಚರಿಕೆಗಳನ್ನೂ ಅವನಿಗೆ ಯಾರೂ ತಲುಪಿಸಲಿಲ್ಲ. ಹಿಮ ಬೀಳುತ್ತಿತ್ತು. ಪೈಲಟ್ ಸೇರಿ ನಾಲ್ವರೂ ಹೋದರು. 1999ರಲ್ಲಿ ತಾನೇ ವಿಮಾನ ಹಾರಿಸುತ್ತಾ ಸತ್ತ, ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯ ಮಗನಿಗೆ ಮೋಡವೂ ಬೇಕಾಗಲಿಲ್ಲ. ಕಡಲ ಮೇಲೆ ಮಬ್ಬು, ಕತ್ತಲು. ಜೊತೆಗೆ ಬರುತ್ತೇನೆ ಅಂದ ತರಬೇತುದಾರನನ್ನೂ ಬೇಡ ಅಂದಿದ್ದನಂತೆ. ಈ ಮಾತು ನನ್ನನ್ನು ಬಹಳ ಕಾಡುತ್ತದೆ.

ರಾತ್ರಿ ಮೋಡ ಕಣ್ಣಿಗೆ ಕಾಣುವುದಿಲ್ಲ, ನೆಲದ ದೀಪಗಳು ಒಂದೊಂದಾಗಿ ಮಾಯವಾಗುತ್ತವೆ. ಹಾಗಾದಾಗ ಮುಂದೆ ಸರಿಹೋಗಬಹುದು ಅಂತ ಕಾಯಬೇಡ. ಮೈ ಏನೇ ಹೇಳಲಿ, ಮೀಟರ್ ನಂಬಿ ಹಿಂದಿರುಗು. ಹೊರಡುವ ಮೊದಲೇ ಅನುಮಾನ ಬಂದರೆ ಹೊರಡಲೇಬೇಡ. ಹೆದರುಪುಕ್ಕಲಿ ಅಂದರೆ ಅನ್ನಲಿ ಬಿಡು. ಕಾಯುತ್ತಿರುವವರಿಗೆ ಸುಮ್ನೆ ಒಂದು ಫೋನ್ ಮಾಡು, ಸಾಕು.

ಯುಗಾದಿಗೆ ಸ್ಕೂಟರಿನಲ್ಲಿ ಬರುತ್ತೀಯಂತೆ. ಮಳೆ ಇದ್ದರೆ ಮಾರನೇ ದಿನ ಬಾ. ಒಬ್ಬಟ್ಟು ತಂಗಳಾದರೇ ರುಚಿ ಜಾಸ್ತಿ.

ಇಂತಿ,
ನಿನ್ನ ದೊಡ್ಡಪ್ಪ