ಕಂಪ್ಯೂಟರ್‌ಗಳ ಎಣಿಕೆಗಿಂತ ಜರಡಿಯ ಕಣ್ಣು ಮುಖ್ಯ

ಮಾನ್ಯ ಸಂಪಾದಕರೇ,

ಆನ್‌ಲೈನ್ ಭದ್ರತೆಯ ಕುರಿತು ತಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನದಲ್ಲಿ, ನೂರಾರು ಅಂಕಿಗಳ ಸಂಖ್ಯೆಯೊಂದನ್ನು ಅದರ ಅವಿಭಾಜ್ಯ ಅಪವರ್ತನಗಳಾಗಿ ಒಡೆಯಲು ಸಾವಿರಾರು ಕಂಪ್ಯೂಟರ್‌ಗಳನ್ನು ಒಟ್ಟಿಗೆ ದುಡಿಸಿದರೆ ಸಾಕು ಎಂಬರ್ಥದ ಮಾತು ಬಂದಿದೆ. ಇಂಥ ಸಂಖ್ಯೆಗಳನ್ನು ಒಡೆಯುವುದು ಕಷ್ಟ ಎಂಬುದರ ಮೇಲೆಯೇ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ ಭದ್ರತೆ ನಿಂತಿದೆ. ಯಂತ್ರಗಳನ್ನು ಒಟ್ಟಿಗೆ ದುಡಿಸುವುದು ನಿಜ. 1977ರಲ್ಲಿ ಸವಾಲಾಗಿ ಪ್ರಕಟಗೊಂಡ 129 ಅಂಕಿಗಳ ಆರ್‌ಎಸ್‌ಎ-129 ಸಂಖ್ಯೆಯನ್ನು 1994ರಲ್ಲಿ ಒಡೆದದ್ದು ಇಂಟರ್‌ನೆಟ್ ಮೂಲಕ ಕೈಜೋಡಿಸಿದ ಸುಮಾರು 600 ಮಂದಿ ಸ್ವಯಂಸೇವಕರು ಮತ್ತು ಅವರ ಸುಮಾರು 1,600 ಯಂತ್ರಗಳು. ಆದರೆ ‘ಸಾಕು’ ಎಂಬ ಮಾತನ್ನು ಒಪ್ಪಲಾಗದು. ಯಂತ್ರಗಳನ್ನು ಚಾಲೂ ಮಾಡುವ ಮೊದಲು ನಾಲ್ಕೈದು ಮಿತಿಗಳನ್ನು ನಿರ್ಧರಿಸಬೇಕಾಗುತ್ತದೆ. ಅಲ್ಲಿ ತಪ್ಪಿದರೆ ಯಂತ್ರಗಳು ಎಷ್ಟಿದ್ದರೂ ಕೆಲಸ ದಡ ಸೇರುವುದಿಲ್ಲ. ಇದನ್ನು ನಾನು ವಿಜಯಪುರದಲ್ಲಿ ಕೈಸುಟ್ಟುಕೊಂಡು ಕಲಿತವನಾದ್ದರಿಂದ ಈ ಪತ್ರ.

ಈಗ ಬಳಕೆಯಲ್ಲಿರುವ ವಿಧಾನದ ಹೆಸರು ನಂಬರ್ ಫೀಲ್ಡ್ ಸೀವ್. ಸಂಖ್ಯೆಗೆ ತಕ್ಕ ಎರಡು ಬಹುಪದೋಕ್ತಿಗಳನ್ನು ಹುಡುಕಿಕೊಂಡು, ಪೂರ್ಣಾಂಕಗಳ ಜೋಡಿಗಳನ್ನು ಅವುಗಳಲ್ಲಿ ಹಾಕಿದಾಗ ಎರಡೂ ಕಡೆ ಬರುವ ಬೆಲೆಗಳು ಸಣ್ಣ ಅವಿಭಾಜ್ಯಗಳಾಗಿ ಪೂರ್ತಿ ಒಡೆಯುವಂಥ ಜೋಡಿಗಳನ್ನಷ್ಟೇ ಜರಡಿ ಹಿಡಿದು ಆರಿಸಬೇಕು. ಹಾಗೆ ಸಿಕ್ಕ ಪ್ರತಿಯೊಂದು ಜೋಡಿಯೂ ಒಂದು ‘ರಿಲೇಶನ್’. ಇವು ಕೋಟಿಗಟ್ಟಲೆ ಕೂಡಿದ ಮೇಲೆ ಅವುಗಳಿಂದ ಒಂದು ದೊಡ್ಡ ಮ್ಯಾಟ್ರಿಕ್ಸ್ (ಅಡ್ಡ ಮತ್ತು ಕಂಬ ಸಾಲುಗಳಲ್ಲಿ ಜೋಡಿಸಿದ ಅಂಕಿಗಳ ಕೋಷ್ಟಕ) ಕಟ್ಟಿ ಬಿಡಿಸಿ, ಸಂಖ್ಯೆಯ ಅಪವರ್ತನಗಳನ್ನು ಪಡೆಯಲಾಗುತ್ತದೆ. ಜರಡಿಯ ಕೆಲಸವನ್ನು ‘ಸ್ಪೆಷಲ್-ಕ್ಯೂ’ ಎಂಬ ಅವಿಭಾಜ್ಯಗಳ ಪ್ರಕಾರ ತುಂಡು ಮಾಡಿ ಊರೂರಿಗೆ ಹಂಚಬಹುದು. ಒಬ್ಬರ ತುಂಡು ಮುಗಿಯಲು ಇನ್ನೊಬ್ಬರನ್ನು ಕಾಯಬೇಕಿಲ್ಲ. ಸಹಕಾರ ಸಾಧ್ಯವಾಗಿರುವುದು ಇದರಿಂದಲೇ.

ನಿರ್ಧರಿಸಬೇಕಾದ ಮಿತಿಗಳಲ್ಲಿ ಒಂದು, ಎಷ್ಟರವರೆಗಿನ ಅವಿಭಾಜ್ಯಗಳಿಂದ ನೇರವಾಗಿ ಜರಡಿ ಹಿಡಿಯಬೇಕು ಎಂಬುದು. ಇದಕ್ಕೆ ಫ್ಯಾಕ್ಟರ್ ಬೇಸ್ ಮಿತಿ ಎನ್ನುತ್ತಾರೆ. ಇನ್ನೊಂದು, ಜರಡಿಯ ನಂತರ ಉಳಿದ ತುಣುಕಿನಲ್ಲಿ ಎಷ್ಟು ದೊಡ್ಡ ಅವಿಭಾಜ್ಯಗಳನ್ನು, ಒಂದೊಂದು ಕಡೆ ಎಷ್ಟರಂತೆ, ಸಹಿಸಿಕೊಳ್ಳಬಹುದು ಎಂಬುದು. ಮೂರನೆಯದು ಪ್ರತಿ ಸ್ಪೆಷಲ್-ಕ್ಯೂಗೆ ಜಾಲಾಡುವ ಕ್ಷೇತ್ರದ ಅಳತೆ. ಅದನ್ನು ಒಂದು ಮೆಟ್ಟಿಲು ಏರಿಸಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗಿ, ಹಳೆಯ ಯಂತ್ರಗಳ ಮೆಮೊರಿ ಸಾಲದೆ ಹೋಗಬಹುದು. ರೊಟ್ಟಿ ಹಿಟ್ಟಿಗೆ ಹಿಡಿಯುವ ಸಾಣಿಗಿಯ ಕಣ್ಣು ದೊಡ್ಡದಾದರೆ ಹಿಟ್ಟು ಬೇಗ ಇಳಿಯುತ್ತದೆ, ಜೊತೆಗೆ ತೌಡೂ ಇಳಿಯುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ನಾವು ತಪ್ಪಿದ್ದೂ ಈ ಕಣ್ಣಿನ ಲೆಕ್ಕದಲ್ಲಿಯೇ.

ಇಲ್ಲಿನ ಒಂದು ಕಾಲೇಜಿನ ಪ್ರಯೋಗಾಲಯದ ಇಪ್ಪತ್ತು ಹಳೆಯ ಕಂಪ್ಯೂಟರ್‌ಗಳನ್ನು ರಾತ್ರಿ ಹೊತ್ತು ಬಳಸಿಕೊಳ್ಳಲು ಅನುಮತಿ ಪಡೆದು, ಕೆಲವು ವಿದ್ಯಾರ್ಥಿಗಳೊಂದಿಗೆ 165 ಅಂಕಿಗಳ ಸಂಖ್ಯೆಯೊಂದನ್ನು ಕೈಗೆತ್ತಿಕೊಂಡೆವು. ಬೇರೊಬ್ಬರು ಬಳಸಿದ್ದ ಮಿತಿಗಳ ಹಳೆಯ ಪಟ್ಟಿಯಲ್ಲಿ ದೊಡ್ಡ ಅವಿಭಾಜ್ಯಗಳ ಮಿತಿ 31 ಬಿಟ್, ಅಂದರೆ 2ರ 31ನೇ ಘಾತ, ಎಂದಿತ್ತು. ರಿಲೇಶನ್‌ಗಳು ಬೇಗ ಬೀಳಲಿ ಎಂಬ ಆಸೆಯಿಂದ ನಾವು ಅದನ್ನು 32ಕ್ಕೆ ಏರಿಸಿದೆವು, ಆದರೆ ಕೂಡಿಸಬೇಕಾದ ರಿಲೇಶನ್‌ಗಳ ಗುರಿಯನ್ನು ಹಳೆಯ ಪಟ್ಟಿಯಲ್ಲಿದ್ದ 18 ಕೋಟಿಗೇ ಬಿಟ್ಟೆವು. ಮೂರು ವಾರ ಎಲ್ಲವೂ ಸೊಗಸಾಗಿ ನಡೆಯಿತು. ನಡುರಾತ್ರಿ ಕರೆಂಟ್ ಹೋಗಿ ಅರೆಬರೆಯಾದ ತುಂಡುಗಳನ್ನು ಮರುದಿನ ಮತ್ತೆ ಹಚ್ಚುತ್ತಿದ್ದೆವು, ಅಷ್ಟೇ. ಆದರೆ ಸಾಲಿಗೊಂದರಂತೆ ಬರೆದಿಟ್ಟ 18 ಕೋಟಿ ರಿಲೇಶನ್‌ಗಳನ್ನು ಸೋಸಲು ಕೊಟ್ಟಾಗ, ಎರಡೆರಡು ಬಾರಿ ಬಂದವು ಹೋಗಿ, ಮತ್ತೆಲ್ಲೂ ಕಾಣಿಸದ ಅವಿಭಾಜ್ಯವನ್ನು ಹೊತ್ತ ಒಂಟಿ ಸಾಲುಗಳೂ ಹೋಗಿ, ಮ್ಯಾಟ್ರಿಕ್ಸ್ ಕಟ್ಟಲು ಏನೂ ಉಳಿಯಲಿಲ್ಲ.

ಕಾರಣ ಸರಳವಾಗಿತ್ತು. 31 ಬಿಟ್ ಮಿತಿಯೊಳಗೆ ಇರುವ ಅವಿಭಾಜ್ಯಗಳು 10,50,97,565; 32 ಬಿಟ್‌ಗೆ ಅವು 20,32,80,221. ರಿಲೇಶನ್ ಒಂದು ಸಮೀಕರಣವಾದರೆ ಅವಿಭಾಜ್ಯವೊಂದು ಅಜ್ಞಾತ. ಕೊನೆಯಲ್ಲಿ ಉಳಿಯುವ ಅಜ್ಞಾತಗಳಿಗಿಂತ ಸಮೀಕರಣಗಳು ಹೆಚ್ಚಿರಲೇಬೇಕು. ಒಂದು ಬಿಟ್ ಏರಿಸಿದ್ದರಿಂದ ದಿನದ ಇಳುವರಿ ಹೆಚ್ಚಿತು, ಆದರೆ ಬೇಕಾದ ಒಟ್ಟು ಮೊತ್ತವೂ ದುಪ್ಪಟ್ಟಿನ ಸನಿಹಕ್ಕೆ ಹೋಯಿತು. 32 ಬಿಟ್ ಆರಿಸಿದ್ದೇ ತಪ್ಪೆಂದು ನಾನು ಹೇಳಲಾರೆ. 30 ಕೋಟಿ ದಾಟುವವರೆಗೆ ದುಡಿಯುವ ತಯಾರಿ ಇದ್ದಿದ್ದರೆ ಅದೇ ಸರಿಯಾಗುತ್ತಿತ್ತೇನೋ. ಮೊದಲೇ ಪರೀಕ್ಷಿಸದೆ ಆರಿಸಿದ್ದು ತಪ್ಪು. ಅಷ್ಟರಲ್ಲಿ ಕಾಲೇಜಿನ ಪ್ರಾಯೋಗಿಕ ಪರೀಕ್ಷೆಗಳು ಬಂದು ಪ್ರಯೋಗಾಲಯವನ್ನು ಬಿಟ್ಟುಕೊಡಬೇಕಾಯಿತು.

ನಾವು ಮೊದಲೇ ಮಾಡಬೇಕಿದ್ದ ಮಿತಿಗಳ ಪರೀಕ್ಷೆ ಎಂದರೆ ದೊಡ್ಡದೇನಲ್ಲ. ಸ್ಪೆಷಲ್-ಕ್ಯೂ ವ್ಯಾಪ್ತಿಯ ಉದ್ದಕ್ಕೂ ಅಲ್ಲಲ್ಲಿ, ಉದಾಹರಣೆಗೆ 2, 4, 6 ಮತ್ತು 8 ಕೋಟಿಯ ಬಳಿ, ತಲಾ ಒಂದು ಸಾವಿರದಷ್ಟು ಅಗಲದ ತುಂಡನ್ನು ಮಾತ್ರ ಜರಡಿ ಹಿಡಿದು, ಎಷ್ಟು ರಿಲೇಶನ್ ಬಂದವು, ಒಂದೊಂದಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದಿಡುವುದು. ನಂತರ ಒಂದು ಮಿತಿಯನ್ನು ಬದಲಿಸಿ ಅದೇ ತುಂಡುಗಳನ್ನು ಮತ್ತೆ ಓಡಿಸುವುದು. ಆರಂಭದ ತುಂಡನ್ನಷ್ಟೇ ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೇವೆ, ಏಕೆಂದರೆ ಸಣ್ಣ ಸ್ಪೆಷಲ್-ಕ್ಯೂಗಳಲ್ಲಿ ಇಳುವರಿ ಹೆಚ್ಚು, ಆದರೆ ಪುನರಾವರ್ತನೆಯೂ ಹೆಚ್ಚು. ಒಂದು ಸಂಜೆಯಲ್ಲಿ ಮುಗಿಯುವ ಈ ಕೆಲಸವನ್ನು ನಾವು ಬಿಟ್ಟುಬಿಟ್ಟಿದ್ದೆವು.

ಜರಡಿಯ ಮಿತಿಗಳನ್ನು ಆರಿಸುವಾಗ ಮ್ಯಾಟ್ರಿಕ್ಸ್ ಬಿಡಿಸುವವರ ಪಾಡನ್ನೂ ನೋಡಬೇಕಾಗುತ್ತದೆ. ಜರಡಿಯನ್ನು ಸಾವಿರ ಮನೆಗಳಿಗೆ ಹಂಚಬಹುದು, ಮ್ಯಾಟ್ರಿಕ್ಸನ್ನು ಹಾಗೆ ಹಂಚಲು ಬರುವುದಿಲ್ಲ. 232 ಅಂಕಿಗಳ ಆರ್‌ಎಸ್‌ಎ-768 ಸಂಖ್ಯೆಯನ್ನು 2009ರ ಡಿಸೆಂಬರ್‌ನಲ್ಲಿ ಒಡೆದವರು ಅಗತ್ಯಕ್ಕಿಂತ ಸುಮಾರು ಎರಡರಷ್ಟು ಜರಡಿ ಹಿಡಿದು 6,400 ಕೋಟಿಗೂ ಹೆಚ್ಚು ರಿಲೇಶನ್ ಕೂಡಿಸಿದ್ದು ದುಂದಿನಿಂದಲ್ಲ, ಮ್ಯಾಟ್ರಿಕ್ಸ್ ಚಿಕ್ಕದಾಗಲಿ ಎಂದು. ಆದರೂ ಅದರಲ್ಲಿ 19 ಕೋಟಿಗೂ ಹೆಚ್ಚು ಸಾಲುಗಳಿದ್ದವು. ಅಂದು ಒಂದೇ ಕೋರ್‌ನ (ಪ್ರೊಸೆಸರ್‌ನಲ್ಲಿ ಲೆಕ್ಕ ಮಾಡುವ ಒಂದು ಘಟಕದ) ಲೆಕ್ಕದಲ್ಲಿ ಒಟ್ಟು ಸುಮಾರು 2,000 ವರ್ಷಗಳ ಕೆಲಸ ಬಿದ್ದಿತ್ತು. ಅದಕ್ಕಿಂತ ದೊಡ್ಡದಾದ, 240 ಅಂಕಿಗಳ ಆರ್‌ಎಸ್‌ಎ-240ಕ್ಕೆ 2019ರಲ್ಲಿ ಸುಮಾರು 900 ವರ್ಷಗಳು ಸಾಕಾದವು. ಯಂತ್ರಗಳು ವೇಗವಾಗಿದ್ದವು, ತಂತ್ರಾಂಶವೂ ಸುಧಾರಿಸಿತ್ತು ಎಂಬುದು ಸರಿ. ಆದರೆ ಆ ತಂಡದವರು ತುಂಡುಗಳ ಮಾದರಿ ತೆಗೆದು, ಅದರಿಂದ ಹುಸಿ ರಿಲೇಶನ್‌ಗಳನ್ನು ಸೃಷ್ಟಿಸಿ, ಸೋಸಿದಾಗ ಮ್ಯಾಟ್ರಿಕ್ಸ್ ಎಷ್ಟು ದೊಡ್ಡದಾದೀತು ಎಂದು ಮೊದಲೇ ಅಂದಾಜಿಸಿ ಮಿತಿಗಳನ್ನು ಆರಿಸಿದ್ದರು. ಲೇಖನದಲ್ಲಿ ಯಂತ್ರಗಳ ಸಂಖ್ಯೆಯೊಂದಿಗೆ ಈ ಮಾತೂ ಬರಬೇಕಿತ್ತು.

ನಮ್ಮ 18 ಕೋಟಿ ಸಾಲುಗಳು ವ್ಯರ್ಥವಾಗಿಲ್ಲ; 32 ಬಿಟ್ ಮಿತಿಯಲ್ಲಿಯೇ ಮುಂದುವರಿದರೆ ಅವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಅವನ್ನು ತುಂಬಿದ ಹಾರ್ಡ್ ಡಿಸ್ಕ್ ನನ್ನ ಮೇಜಿನ ಮೇಲಿದೆ. ವಿಜಯಪುರ, ಬಾಗಲಕೋಟೆ ಅಥವಾ ಬೆಳಗಾವಿಯ ಯಾವುದೇ ಕಾಲೇಜಿನ ವಿದ್ಯಾರ್ಥಿಗಳು ಉಳಿದ ಸ್ಪೆಷಲ್-ಕ್ಯೂ ವ್ಯಾಪ್ತಿಯನ್ನು ಹಂಚಿಕೊಳ್ಳಲು ಸಿದ್ಧರಿದ್ದರೆ, ತಮ್ಮ ಪತ್ರಿಕೆಯ ಕಚೇರಿಯ ಮೂಲಕ ತಿಳಿಸಲಿ. ಈ ಬಾರಿ ಮೊದಲ ಸಂಜೆ ಪರೀಕ್ಷೆಗೇ ಮೀಸಲು.

ಇಂತಿ,
ನಿವೃತ್ತ ಗಣಿತ ಉಪನ್ಯಾಸಕ,
ವಿಜಯಪುರ