ಈಗ ನೀವೇ ಫಾರಿನರ್ಸ್

ಆನೆಗೊಂದಿ
ಭಾನುವಾರ

ಚಿ. ಪುಟ್ಟಿಗೆ ನಿನ್ನ ಮಾಮಾ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ ಇದ್ದೇವೆ. ಶಿವರಾತ್ರಿ ಮುಗಿದಿದ್ದೇ ತಡ, ಬಂಡೆಗಳು ಕಾಯಲು ಶುರು ಮಾಡಿವೆ. ಬಾಳೆತೋಟದೊಳಗೆ ಹೊಕ್ಕರೆ ಮಾತ್ರ ಜೀವಕ್ಕೆ ತಂಪು.

ನೀನು, ನಿಮ್ಮವ್ವ ಅಂದರೆ ನನ್ನ ಅಕ್ಕ, ಇಬ್ಬರೂ ಜುಲೈನಲ್ಲಿ ಜರ್ಮನಿಗೆ ಹೊರಟಿದ್ದೀರಿ ಎಂದು ತಿಳಿದು ಬಹಳ ಖುಷಿ ಆಯಿತು. ನಿನ್ನ ತಮ್ಮನ ಕೂಸನ್ನು ಅಜ್ಜಿ ಎತ್ತಿಕೊಳ್ಳಬೇಕು, ಸರಿನೇ. ಫೋನಿನಲ್ಲಿ ನಾಲ್ಕು ಮಾತು ಹೇಳಲು ನೋಡಿದೆ. ನೀನು "ಹೂಂ ಮಾಮಾ" ಅನ್ನುತ್ತೀ, ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ಅದಕ್ಕೇ ಬರೆಯಲು ಕೂತೆ.

ಇಪ್ಪತ್ತು ವರ್ಷ ನಮ್ಮ ಮನೆಯ ಎರಡು ಕೋಣೆ ಫಾರಿನರ್ಸ್‌ಗೆ ಬಾಡಿಗೆ ಕೊಟ್ಟವನು ನಾನು. ಹರಿಗೋಲು ದಾಟಿ ಬಂದವರಿಗೆ ಮೊದಲು ಚಹಾ, ಆಮೇಲೆ "ಪಾಸ್‌ಪೋರ್ಟ್ ಪ್ಲೀಸ್". ಯಾರು ಬಂದರೂ 24 ಗಂಟೆಯೊಳಗೆ ಅವರ ವಿವರದ ಸಿ ಫಾರ್ಮ್ ತುಂಬಿ ಸರ್ಕಾರಕ್ಕೆ ಕಳಿಸಬೇಕಿತ್ತು. ಮೊದಲು ಕಾಗದದಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಎಲ್ಲಿಂದ ಬಂದಿರಿ, ಯಾಕೆ ಬಂದಿರಿ, ಯಾವಾಗ ಹೋಗುತ್ತೀರಿ. ಇಷ್ಟೇ ಪ್ರಶ್ನೆ. ನಿಮಗೂ ಇವೇ ಮೂರು ಪ್ರಶ್ನೆ ಕೇಳುತ್ತಾರೆ. ಬೆಂಗಳೂರಿನಲ್ಲಿ ಕಾಗದದ ಮೇಲೆ ಒಮ್ಮೆ, ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಬಾಯಿಮಾತಿನಲ್ಲಿ ಇನ್ನೊಮ್ಮೆ. ಇಷ್ಟು ದಿನ ನಾವು ಅವರ ಚೀಟಿ ನೋಡುತ್ತಿದ್ದೆವು. ಈಗ ನೀವೇ ಫಾರಿನರ್ಸ್.

ಮೊದಲು ಪಾಸ್‌ಪೋರ್ಟ್. ನಿನ್ನದು ಹೊಸದು, ಚಿಂತೆ ಇಲ್ಲ. ಅಕ್ಕನದು ಕಾಶಿಯಿಂದ ನೇಪಾಳಕ್ಕೆ ಹೋಗಿದ್ದಾಗಿನದು. ಅಲ್ಲಿಗೆ ಪಾಸ್‌ಪೋರ್ಟ್ ಬೇಕೇ ಇರಲಿಲ್ಲ, ವೋಟರ್ ಕಾರ್ಡ್ ಸಾಕಿತ್ತು. ಆದರೂ ಯಾರೋ ಹೇಳಿದರು ಎಂದು ಮಾಡಿಸಿದಳು. ಅದರ ತಾರೀಕು ನೋಡು. ಯುರೋಪಿನವರ ನಿಯಮದಂತೆ ಪಾಸ್‌ಪೋರ್ಟ್ ಮಾಡಿಸಿ 10 ವರ್ಷ ದಾಟಿರಬಾರದು. ಅಲ್ಲಿಂದ ಹೊರಡುವ ದಿನದ ನಂತರವೂ 3 ತಿಂಗಳು ಜೀವ ಇರಬೇಕು. ಎರಡು ಪುಟ ಖಾಲಿ ಇರಬೇಕು. ಕಡಿಮೆ ಬಿದ್ದರೆ ಈಗಲೇ ಹೊಸದಕ್ಕೆ ಹಾಕಿಬಿಡು.

ಹೆಸರಿನ ವಿಷಯ ಇದಕ್ಕಿಂತ ತಲೆನೋವು. ನಮ್ಮ ಕಡೆ ಒಬ್ಬರಿಗೆ ಮನೆತನದ ಹೆಸರು, ಒಬ್ಬರಿಗೆ ಅಪ್ಪನ ಹೆಸರು, ಒಬ್ಬರಿಗೆ ಬರೀ ಇನಿಷಿಯಲ್. ಅಕ್ಕನ ಹೆಸರು ಆಧಾರ್‌ನಲ್ಲಿ ಒಂಥರ, ಬ್ಯಾಂಕಿನಲ್ಲಿ ಇನ್ನೊಂಥರ ಇದೆ. ನಿನ್ನ ತಮ್ಮನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಾಯಿಯ ಹೆಸರು ಎಂದು ಇರುತ್ತದಲ್ಲ, ಅದನ್ನು ಅಕ್ಕನ ಪಾಸ್‌ಪೋರ್ಟಿನ ಪಕ್ಕ ಇಟ್ಟು ಒಂದೊಂದೇ ಅಕ್ಷರ ತಾಳೆ ನೋಡು. ಇವಳು ಅವನ ತಾಯಿ ಎಂದು ಅವರಿಗೆ ಗೊತ್ತಾಗುವುದು ಅಲ್ಲಿಂದಲೇ. ವಿಮಾನದ ಟಿಕೆಟ್ಟಿನಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಹೆಸರು ಇರಲಿ. ಹುಟ್ಟಿದ ದಿನದ ಬಗ್ಗೆ ಚಿಂತೆ ಬೇಡ. ಅಕ್ಕನದೂ ಜೂನ್ 1, ನನ್ನದೂ ಜೂನ್ 1, ದೊಡ್ಡಣ್ಣನದೂ ಜೂನ್ 1. ಶಾಲೆಗೆ ಸೇರಿಸಿದ ಮಾಸ್ತರರ ಕೃಪೆ. ಎಲ್ಲ ಕಾಗದದಲ್ಲೂ ಅದೇ ಇದ್ದರೆ ಆಯಿತು.

ಇನ್ನು ಅರ್ಜಿ. ಷೆಂಗೆನ್ ವೀಸಾ ಅಂದರೆ ಯುರೋಪಿನ 29 ದೇಶಗಳಿಗೆ ಸೇರಿ ಒಂದೇ ಬಾಗಿಲು. ನೀನು ಮ್ಯೂನಿಕ್‌ನಲ್ಲಿ 10 ದಿನ, ಪ್ಯಾರಿಸ್‌ನಲ್ಲಿ 4 ದಿನ ಎಂದೆ. ಜಾಸ್ತಿ ದಿನ ಎಲ್ಲೋ ಆ ದೇಶಕ್ಕೇ ಅರ್ಜಿ ಹಾಕಬೇಕು, ಅಂದರೆ ಜರ್ಮನಿಗೆ. ಫ್ರಾನ್ಸಿನ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಹೊರಡುವ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ಹತ್ತಿರ ಬಂದಮೇಲೆ ಹಾಕುವಂತಿಲ್ಲ. ಅವರು ಸಾಮಾನ್ಯವಾಗಿ 15 ದಿನದಲ್ಲಿ ಹೇಳುತ್ತಾರೆ, ಅನುಮಾನ ಬಂದರೆ 45 ದಿನದವರೆಗೂ ಎಳೆಯಬಹುದು. ನೀನು ಸರ್ಕಾರಿ ಶಾಲೆಯ ಟೀಚರ್. ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಪತ್ರ ಬೇಕು. ಆ ಫೈಲು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುವ ವೇಗ ನಿನಗೇ ಗೊತ್ತು. ಎಲ್ಲಕ್ಕಿಂತ ಮೊದಲು ಅದನ್ನೇ ಹಿಡಿ.

ಲಂಡನ್ನೂ ನೋಡಿ ಬರುತ್ತೇವೆ ಎಂದೆಯಲ್ಲ, ಅದು ಈ ಬಾಗಿಲಿನೊಳಗೆ ಇಲ್ಲ. ಬ್ರಿಟನ್ನಿಗೆ ಬೇರೆ ವೀಸಾ, ಬೇರೆ ಖರ್ಚು. ಒಂದೇ ಸಲದ ಪ್ರವೇಶ ಎಂದು ಬರೆದ ವೀಸಾ ಇಟ್ಟುಕೊಂಡು ಲಂಡನ್ನಿಗೆ ಹೋದರೆ ಮತ್ತೆ ಮ್ಯೂನಿಕ್‌ಗೆ ಒಳಗೆ ಬಿಡುವುದಿಲ್ಲ. ಈ ಸಲ ಬಿಟ್ಟುಬಿಡು.

ಈಗ ದುಡ್ಡಿನ ಮಾತು. ಇದನ್ನು ನಿನ್ನ ಅತ್ತೆಯ ಮುಂದೆ ಓದಬೇಡ, ಇನ್ನೂ ನಗುತ್ತಾಳೆ. ನಮ್ಮಲ್ಲಿ ಪ್ರತಿ ಚಳಿಗಾಲ ಬರುತ್ತಿದ್ದ ಒಬ್ಬ ಮುದುಕ ಗೆಸ್ಟ್ ನನ್ನನ್ನು ಅವರ ಊರಿಗೆ ಕರೆದಿದ್ದ. ನಾನು ಒಬ್ಬ ಏಜೆಂಟನನ್ನು ಹಿಡಿದೆ. ಅವನು ನನ್ನ ಪಾಸ್‌ಬುಕ್ ನೋಡಿ, "ಇದರಾಗ ಏನೂ ಇಲ್ಲಲ್ರೀ, ರೊಕ್ಕ ಕಾಣಬೇಕು" ಎಂದ. ಗಂಗಾವತಿಯ ಭತ್ತದ ವ್ಯಾಪಾರಿ ಗೆಳೆಯನಿಂದ 4 ಲಕ್ಷ ಕೈಗಡ ತಂದು ಒಂದೇ ದಿನ ಖಾತೆಗೆ ಹಾಕಿದೆ. ಅದಕ್ಕೆ ಮುಂಚೆ ಆ ಖಾತೆ 30 ಸಾವಿರದ ಮುಖ ಕಂಡಿರಲಿಲ್ಲ. ಮುಂದಿನ ವಾರ ಸ್ಟೇಟ್‌ಮೆಂಟ್ ತೆಗೆದು ಕೊಟ್ಟೆ. ವೀಸಾ ಬರಲಿಲ್ಲ. ಬಂದದ್ದು ಒಂದು ಫಾರ್ಮು. ವಾಪಸ್ ಹೋಗುತ್ತಾನೆ ಎಂಬ ನಂಬಿಕೆ ಇಲ್ಲ ಎಂಬ ಸಾಲಿನ ಮುಂದೆ ಟಿಕ್ ಹೊಡೆದಿದ್ದರು. ಕಟ್ಟಿದ ಫೀ ಅಂತೂ ವಾಪಸ್ ಬರುವುದಲ್ಲ.

ಒಂದು ವಾರ ಬೈದುಕೊಂಡು ಓಡಾಡಿದೆ. ಆಮೇಲೆ ರಾತ್ರಿ ಸಿ ಫಾರ್ಮ್ ತುಂಬುತ್ತಾ ಕೂತಾಗ ಹೊಳೆಯಿತು. ನನ್ನ ಮುಂದೆ ಯಾವನಾದರೂ ನಿನ್ನೆ ಹೊಲಿಸಿದ ಕೋಟು ಹಾಕಿಕೊಂಡು, ನಾನು ದೊಡ್ಡ ಸಾಹುಕಾರ ಎಂದಿದ್ದರೆ ನಾನು ಕೋಣೆ ಕೊಡುತ್ತಿದ್ದೆನಾ? ಅವರು ಕೊನೆಗೆ ಉಳಿದ ಮೊತ್ತ ಒಂದನ್ನೇ ನೋಡುವುದಿಲ್ಲ. ಮೂರು ತಿಂಗಳ ಸಾಲು ಸಾಲು ನೋಡುತ್ತಾರೆ. ಸಂಬಳ ಬಂತು, ಕರೆಂಟ್ ಬಿಲ್ ಹೋಯಿತು, ಕಿರಾಣಿ ಹೋಯಿತು, ಹೀಗೆ. ಅದರಲ್ಲಿ ಒಂದು ಸಂಸಾರ ಕಾಣಬೇಕು. ನನ್ನ ಹತ್ತಿರ ಎರಡು ಎಕರೆ ಬಾಳೆತೋಟದ ಪಹಣಿ ಇತ್ತು, ಮನೆ ಇತ್ತು, ಶಾಲೆಗೆ ಹೋಗುವ ಮಕ್ಕಳಿದ್ದರು. ವಾಪಸ್ ಬರಲು ಇದಕ್ಕಿಂತ ದೊಡ್ಡ ಕಾರಣ ಬೇಕಾ? ಆ ಕಾಗದಗಳನ್ನು ಇಡಲೇ ಇಲ್ಲ.

ನೀನು ನಿನ್ನ ಸಂಬಳದ ಚೀಟಿ, ಸ್ಟೇಟ್‌ಮೆಂಟ್, ರಜೆಯ ಆದೇಶ ಇಡು. ಅಕ್ಕನ ಹೆಸರಿನ ಹೊಲದ ಪಹಣಿ ತೆಗೆಸಿ ಇಂಗ್ಲಿಷಿಗೆ ಅನುವಾದ ಮಾಡಿಸಿ ಇಡು. ಅಕ್ಕನ ಖರ್ಚನ್ನು ತಮ್ಮ ನೋಡಿಕೊಳ್ಳುತ್ತಾನೆ ಎಂದರೆ, ಅವನು ಅಲ್ಲಿಯ ವಿದೇಶಿಯರ ಕಚೇರಿಗೆ ಹೋಗಿ, ಇವರ ಖರ್ಚಿಗೆ ನಾನು ಹೊಣೆ ಎಂದು ಬರೆದುಕೊಟ್ಟು ಅಧಿಕೃತ ಪತ್ರ ಮಾಡಿಸಬೇಕು. ಫಾರ್ಮಲ್ ಆಬ್ಲಿಗೇಷನ್ ಅನ್ನುತ್ತಾರೆ. ಇ-ಮೇಲ್‌ನಲ್ಲಿ "ಅವ್ವಾ ಬಾ" ಎಂದು ಬರೆದದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ. ಏಜೆಂಟ್ ಬೇಕೇಬೇಕು ಎಂದರೆ ಫಾರ್ಮ್ ತುಂಬಲು ಇಟ್ಟುಕೋ, ಬುದ್ಧಿ ಕೇಳಲು ಬೇಡ. ಸಹಿ ಹಾಕುವ ಮುಂಚೆ ಪೂರ್ತಿ ಓದು. ಸುಳ್ಳು ಅವನು ಬರೆದರೂ ಅದು ನಿನ್ನದೇ ಸುಳ್ಳು.

ಫೋಟೋ 35 ಗುಣಿಸು 45 ಮಿಲಿಮೀಟರ್. ವೀಸಾ ಫೀ ದೊಡ್ಡವರಿಗೆ 90 ಯೂರೊ, ಅರ್ಜಿ ತಗೊಳ್ಳುವ ಕೇಂದ್ರದವರ ಸೇವಾ ಶುಲ್ಕ ಬೇರೆ. ಇನ್ಶೂರೆನ್ಸ್ ಕನಿಷ್ಠ 30,000 ಯೂರೊದ್ದು, ಇರುವ ಅಷ್ಟೂ ದಿನಕ್ಕೆ. ಬೆರಳಚ್ಚು ಕೊಡಲು ಇಬ್ಬರೂ ಬೆಂಗಳೂರಿಗೆ ಹೋಗಲೇಬೇಕು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಇಳಿದು ಸೀದಾ ಹೋಗುತ್ತೇನೆ ಎನ್ನಬೇಡ, ಒಂದು ದಿನ ಮುಂಚೆ ಹೋಗಿ ಮಲಗಿ. ಅಕ್ಕನ ಬೆರಳು ಕಳೆ ಕಿತ್ತು ಕಿತ್ತು ಸವೆದಿವೆ. ರೇಷನ್ ಅಂಗಡಿಯ ಮಷೀನೇ ಎಷ್ಟು ಸಲ ಒಲ್ಲೆ ಅಂದಿದೆ! ಒಂದು ವಾರ ಮುಂಚಿನಿಂದ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ಹೇಳು. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ಅವರಲ್ಲಿ ಇರುತ್ತದೆ, ಮತ್ತೆ ಮತ್ತೆ ಈ ಕಾಟ ಇರುವುದಿಲ್ಲ.

ನನಗೆ ನಿಜವಾಗಿ ಭಯ ಇರುವುದು ಅಕ್ಕನ "ಮೂರು ತಿಂಗಳು ಅಲ್ಲೇ ಇರ್ತೀನಿ" ಎಂಬ ಮಾತಿನ ಬಗ್ಗೆ.

ಬಹಳ ಹಿಂದೆ ಒಬ್ಬ ಹುಡುಗ ನಮ್ಮಲ್ಲಿ ಇದ್ದ. ಬಂಡೆ ಹತ್ತುವುದೇ ಅವನ ಕೆಲಸ. ಆರು ತಿಂಗಳ ವೀಸಾ. ತಾನು ಭಾರತಕ್ಕೆ ಬಂದು ಇಳಿದ ದಿನದಿಂದ ಆರು ತಿಂಗಳು ಎಂದು ಎಣಿಸಿಕೊಂಡಿದ್ದ. ನಮ್ಮವರು ಎಣಿಸುತ್ತಿದ್ದದ್ದು ವೀಸಾ ಕೊಟ್ಟ ದಿನದಿಂದ. ನಾನು ಫಾರ್ಮ್ ತುಂಬುವಾಗ ನೋಡಿದರೆ ಮುಗಿದು 11 ದಿನ ಆಗಿದೆ! ಪಾಪ, ಮುಖ ಬಿಳಿಚಿಕೊಂಡಿತು. ಕೊಪ್ಪಳದ ಎಸ್ಪಿ ಆಫೀಸಿಗೆ ನಾನೇ ಕರೆದುಕೊಂಡು ಹೋದೆ. ದಂಡ, ಕಾಗದ, ಓಡಾಟ. ಅವನು ಕೆಟ್ಟವನಲ್ಲ. ಸುಮ್ನೆ ಲೆಕ್ಕ ತಪ್ಪಿದವನು, ಅಷ್ಟೆ.

ಷೆಂಗೆನ್‌ನಲ್ಲಿ ತಿಂಗಳಿನ ಲೆಕ್ಕ ಇಲ್ಲ, ದಿನದ ಲೆಕ್ಕ. ಯಾವುದೇ 180 ದಿನದಲ್ಲಿ 90 ದಿನ. ಇಳಿದ ದಿನವೂ ಸೇರಿ, ಹೊರಟ ದಿನವೂ ಸೇರಿ. ಜುಲೈ 1ಕ್ಕೆ ಇಳಿದು ಸೆಪ್ಟೆಂಬರ್ 30ಕ್ಕೆ ಹೊರಡುತ್ತೇನೆ ಎಂದಿದ್ದಾಳೆ ಅಕ್ಕ. ಕ್ಯಾಲೆಂಡರ್ ತೆಗೆದು ಎಣಿಸು. 31, 31, 30, ಒಟ್ಟು 92. ಎರಡು ದಿನ ಜಾಸ್ತಿ! ಸೆಪ್ಟೆಂಬರ್ 28 ದಾಟುವಂತಿಲ್ಲ. ಅದೂ ಅವರು ಪೂರ್ತಿ 90 ಕೊಟ್ಟರೆ. ಪಾಸ್‌ಪೋರ್ಟಿಗೆ ಅಂಟಿಸುವ ವೀಸಾ ಸ್ಟಿಕ್ಕರಿನಲ್ಲಿ ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಎಂದು ಒಂದು ಸಾಲು ಇರುತ್ತದೆ. ಅದರ ಕೆಳಗೆ ಎಷ್ಟು ದಿನ ಇರಬಹುದು ಎಂದು ಬೇರೆ ಬರೆದಿರುತ್ತಾರೆ. ಮೇಲಿನ ಸಾಲಿನಲ್ಲಿ ಸಾಮಾನ್ಯವಾಗಿ 15 ದಿನ ಸಡಿಲ ಇಟ್ಟಿರುತ್ತಾರೆ, ಪ್ರಯಾಣ ಹಿಂದೆ ಮುಂದೆ ಆದರೆ ಇರಲಿ ಎಂದು. ಅದನ್ನು ನೋಡಿ ಇನ್ನೂ ಎರಡು ವಾರ ಇದೆ ಎಂದು ಕೂತರೆ ನಮ್ಮ ಬಂಡೆ ಹುಡುಗನ ಕಥೆಯೇ. 2025ರ ಅಕ್ಟೋಬರ್ 12ರಿಂದ ಅವರು ಗಡಿಯಲ್ಲಿ ಮುಖ, ಬೆರಳು ತೆಗೆದುಕೊಂಡು ಕಂಪ್ಯೂಟರಿನಲ್ಲೇ ದಿನ ಎಣಿಸುವ ವ್ಯವಸ್ಥೆ ಶುರು ಮಾಡಿದ್ದಾರೆ. ಕೂಸು ಅತ್ತಿತು, ಎರಡು ದಿನ ಹೆಚ್ಚಿಗೆ ಇದ್ದೆ ಎಂದರೆ ಅದು ಕೇಳುವುದಿಲ್ಲ.

ಅಕ್ಕನಿಗೆ ಇನ್ನೊಂದು ಮಾತನ್ನೂ ಹೇಳು. 2024ರ ಏಪ್ರಿಲ್‌ನಿಂದ ನಮ್ಮ ದೇಶದವರಿಗೆ ಒಂದು ಅನುಕೂಲ ಮಾಡಿದ್ದಾರೆ. ಮೂರು ವರ್ಷದಲ್ಲಿ ಎರಡು ವೀಸಾ ತಗೊಂಡು ನೆಟ್ಟಗೆ ಬಳಸಿ ಬಂದವರಿಗೆ ಎರಡು ವರ್ಷದ ವೀಸಾ ಕೊಡಬಹುದು, ಅದೂ ಸರಿ ಹೋದರೆ ಐದು ವರ್ಷದ್ದು. ಮೊಮ್ಮಗನ ಜವಳಕ್ಕೆ, ಶಾಲೆಗೆ ಸೇರಿಸುವಾಗ, ಎಲ್ಲಕ್ಕೂ ಹೋಗಬಹುದು. ಈ ಸಲ ಎರಡು ದಿನದ ಆಸೆ ಬಿಟ್ಟರೆ.

ಚೀಲದ ವಿಷಯ ಬಂದರೆ ಅಕ್ಕ ನಿನ್ನ ಮಾತು ಕೇಳುವುದಿಲ್ಲ, ನನ್ನ ಹೆಸರು ಹೇಳು. ತುಪ್ಪ ಬೇಡ, ಪೇಡೆ ಬೇಡ. ಹಾಲಿನ ಪದಾರ್ಥ, ಮಾಂಸ ಹೊರಗಿನಿಂದ ಯುರೋಪಿಗೆ ಒಯ್ಯುವಂತಿಲ್ಲ. ಮಾವಿನಹಣ್ಣು, ಹಸಿ ಕರಿಬೇವು ಸರ್ಟಿಫಿಕೇಟ್ ಇಲ್ಲದೆ ಬಿಡುವುದಿಲ್ಲ. ತಮಾಷೆ ಏನೆಂದರೆ ಬಾಳೆಹಣ್ಣಿಗೆ, ತೆಂಗಿನಕಾಯಿಗೆ ಆ ಕಾಟ ಇಲ್ಲ. ನಮ್ಮ ತೋಟದ ಒಂದು ಚಿಪ್ಪು ಕಳಿಸಲಾ? ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಎಷ್ಟು ಬೇಕೋ ಅಷ್ಟು ಕಟ್ಟಿಕೊಳ್ಳಲಿ. ಗಸಗಸೆ ಮಾತ್ರ ಒಂದು ಚಮಚವೂ ಬೇಡ, ಬಾಣಂತಿಗೆ ಪಾಯಸ ಎಂದರೂ ಬೇಡ. ನೀವು ವಿಮಾನ ಬದಲಿಸುವುದು ದುಬೈನಲ್ಲಿ, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಅಕ್ಕನ ಬಿಪಿ, ಶುಗರ್ ಮಾತ್ರೆಗಳನ್ನು ಡಾಕ್ಟರ್ ಚೀಟಿಯ ಜೊತೆ ಕೈಚೀಲದಲ್ಲಿ ಇಡು.

ಮ್ಯೂನಿಕ್‌ನಲ್ಲಿ ಇಳಿದಮೇಲೆ ಇಬ್ಬರೂ ಒಟ್ಟಿಗೇ ಕೌಂಟರಿಗೆ ಹೋಗಿ. ವೀಸಾ ಇದೆ ಎಂದ ಮಾತ್ರಕ್ಕೆ ಒಳಗೆ ಬಿಡಲೇಬೇಕು ಎಂದಿಲ್ಲ. ಅಲ್ಲಿ ಕೂತವನಿಗೂ ಕೇಳುವ ಹಕ್ಕಿದೆ. ತಮ್ಮನ ವಿಳಾಸ, ಫೋನ್ ನಂಬರ್ ಒಂದು ಕಾಗದದಲ್ಲಿ ಬರೆದಿರಲಿ, ಫೋನ್ ಚಾರ್ಜ್ ಹೋಗಿರಬಹುದು. ವಾಪಸ್ ಟಿಕೆಟ್, ಇನ್ಶೂರೆನ್ಸ್, ತಮ್ಮನ ಪತ್ರ ಕೈಯಲ್ಲಿರಲಿ, ಬೆಲ್ಟಿನ ಮೇಲೆ ಸುತ್ತುವ ಸೂಟ್‌ಕೇಸಿನಲ್ಲಿ ಅಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ. ಮಗನ ಮನೆಗೆ ಬಂದಿದ್ದೇವೆ, ಮೊಮ್ಮಗನನ್ನು ನೋಡಲು, ಇಂಥ ದಿನ ವಾಪಸ್. ಅಕ್ಕ ಬಾಯಿ ತೆರೆದರೆ ಬಾಣಂತನದ ಕಥೆ ಶುರು ಮಾಡುತ್ತಾಳೆ, ನೀನೇ ಮಾತಾಡು. ಅವನು ಮುಖ ಗಂಟು ಹಾಕಿಕೊಂಡಿದ್ದರೆ ಹೆದರಬೇಡ. ನಾನೂ ರಾತ್ರಿ ಹನ್ನೊಂದಕ್ಕೆ ಬಂದ ಗೆಸ್ಟ್‌ಗೆ ಹಾಗೇ ಮುಖ ಮಾಡುತ್ತಿದ್ದೆ, ನಿದ್ದೆಗೆ.

ಸ್ಟಿಕ್ಕರ್ ಬಂದ ದಿನವೇ ಇಬ್ಬರದೂ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡು. ಕನ್ನಡಕ ಹಾಕಿಕೊಂಡು ಹೆಸರು, ತಾರೀಕು, ದಿನ ಎಲ್ಲ ಓದಿ ಹೇಳುತ್ತೇನೆ. ಕೋಣೆ ಬಾಡಿಗೆ ಬಿಟ್ಟು ಎಷ್ಟೋ ದಿನ ಆಯಿತು, ಹಳೇ ಚಾಳಿ ಹೋಗಿಲ್ಲ. ಬಾಳೆಹಣ್ಣಿನ ವಿಷಯ ಮರೆಯದೆ ತಿಳಿಸು.

ನಿನ್ನ ಮಾಮಾ