ಎರಡು ಉಣ್ಣೆ

ತೀರ್ಥಹಳ್ಳಿ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಹಸ್ತದ ಮಳೆ ಹಿಡಿದಿದೆ, ಎಲ್ಲರೂ ಕ್ಷೇಮ. ಮ್ಯೂನಿಕ್‌ನಲ್ಲಿ ಚಳಿ ಶುರುವಾಯಿತು, ಇನ್ನು ಮಾರ್ಚ್‌ವರೆಗೆ ಮಕ್ಕಳನ್ನು ಎಲ್ಲಿಗೂ ಕರೆದೊಯ್ಯುವ ಹಾಗಿಲ್ಲ ಅಂತ ಬರೆದಿದ್ದೀಯ. ಮಲೆನಾಡಲ್ಲಿ ಹುಟ್ಟಿದವಳು ಆಡುವ ಮಾತಾ ಇದು? ಮಳೆ ಬಿಡಲಿ ಅಂತ ಕಾದಿದ್ದರೆ ಆಗುಂಬೆಯ ಮಕ್ಕಳು ದೀಪಾವಳಿವರೆಗೆ ಶಾಲೆಯ ಮುಖ ನೋಡುತ್ತಿರಲಿಲ್ಲ. ಡಿಸೆಂಬರಿನಲ್ಲಿ ನಿಮ್ಮಲ್ಲಿ ಸೂರ್ಯ ಹುಟ್ಟುವುದೇ ಎಂಟಕ್ಕೆ, ಮುಳುಗುವುದು ನಾಲ್ಕೂಕಾಲರ ಸುಮಾರಿಗೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು, ಮೂರರೊಳಗೆ ವಾಪಸು ರೈಲು ಹತ್ತುವ ಲೆಕ್ಕ ಹಾಕು, ಸಾಕು.

ಬಟ್ಟೆಯದೇ ಎಲ್ಲ. ಮೈಗೆ ತಾಗುವುದು ಹತ್ತಿ ಆಗಬಾರದು. ಮಕ್ಕಳು ಓಡಿ ಬೆವರಿದರೆ ಹತ್ತಿ ಬನಿಯನ್ ನೀರು ಹಿಡಿದುಕೊಂಡು ಬೆನ್ನಿಗೆ ಅಂಟುತ್ತದೆ, ನಿಂತ ಕೂಡಲೇ ಮೈಯ ಕಾವನ್ನೆಲ್ಲ ಎಳೆದುಬಿಡುತ್ತದೆ. ಉಣ್ಣೆಯ ಎಳೆ ಸುರುಳಿ ಸುರುಳಿ, ನಡುವೆ ಗಾಳಿ ನಿಲ್ಲುತ್ತದೆ, ನೆನೆದರೂ ಬೆಚ್ಚಗಿರುತ್ತದೆ. ಕಂಬಳಿಕೊಪ್ಪೆ ಹೊದ್ದು ಗದ್ದೆಗೆ ಇಳಿಯುತ್ತಿದ್ದದ್ದು ಸುಮ್ಮನೆ ಅಲ್ಲ. ಒಳಗೆ ತೆಳು ಮೆರಿನೋ ಉಣ್ಣೆ, ಮೇಲೆ ಫ್ಲೀಸ್, ಅದರ ಮೇಲೆ ನೀರು ಇಳಿಯದ ಕೋಟು. ಅಲ್ಲಿನವರು ಮಕ್ಕಳಿಗೆ ಹಾಕುವ ಕೆಸರಿನ ಪ್ಯಾಂಟು, ಆ ಮಾಚ್‌ಹೋಸೆ, ಅದರ ಕಾಲು ಗಂಬೂಟಿನ ಹೊರಗೇ ಬರಬೇಕು, ಪಟ್ಟಿ ಅಟ್ಟೆಯ ಕೆಳಗೆ ಸಿಕ್ಕಬೇಕು. ಒಳಗೆ ತುರುಕಿದರೆ ಸೂರಿನ ನೀರು ಹಂಡೆಗೆ ಬಿದ್ದ ಹಾಗೆ ಬೂಟು ತುಂಬುತ್ತದೆ. ಎರಡು ಜೊತೆ ಕಾಲುಚೀಲ ಹಾಕಿ ಬೂಟು ಬಿಗಿ ಮಾಡಬೇಡ, ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ಒಂದೇ ಜೊತೆ ಉಣ್ಣೆಯದು, ಮುಂದೆ ಒಂದು ಬೆರಳಗಲ ಜಾಗ. ಚಿಕ್ಕವಳಿಗೆ ಚಳಿಯೋ ಇಲ್ಲವೋ ಅಂತ ಕೈ ಮುಟ್ಟಿ ನೋಡಿದರೆ ಗೊತ್ತಾಗದು, ಹೆಗ್ಗತ್ತು ಮುಟ್ಟು. ಕಾರಿನಲ್ಲಿ ಹೋಗುವುದಾದರೆ ಮೊದಲು ದಪ್ಪ ಕೋಟು ಬಿಚ್ಚಿ, ಆಮೇಲೆ ಸೀಟಿನ ಬೆಲ್ಟು ಹಾಕಿ, ಮೇಲಿಂದ ಹೊದಿಕೆ ಹೊದಿಸು. ಕೋಟಿನೊಳಗಿನ ಗಾಳಿ ಅಪಘಾತದ ಪೆಟ್ಟಿಗೆ ಕುಸಿದರೆ ಬೆಲ್ಟು ಸಡಿಲವಾಗಿ ಮಗು ಜಾರುತ್ತದೆ.

ಆದರೂ ರೈಲೇ ವಾಸಿ. ಬವೇರಿಯಾವಿಡೀ ಒಂದು ದಿನ ಓಡಾಡುವ ಬಯರ್ನ್ ಟಿಕೆಟ್ ಶನಿವಾರ, ಭಾನುವಾರ ಬೆಳಗಿನಿಂದಲೇ ನಡೆಯುತ್ತದೆ. ವಾರದ ದಿನಗಳಲ್ಲಿ ಒಂಬತ್ತರ ಮೇಲೆ. ಹದಿನೈದು ತುಂಬದ ಸ್ವಂತ ಮಕ್ಕಳಿಗೆ ದುಡ್ಡಿಲ್ಲ. ಐಸಿಇ ಅನ್ನುವ ವೇಗದ ರೈಲು ಹತ್ತಬೇಡ, ಅದರಲ್ಲಿ ಈ ಟಿಕೆಟ್ ನಡೆಯದು. ಟೇಗರ್ನ್‌ಸೇ ಸರೋವರಕ್ಕೆ ಹೋಗುವ ದಿನ ಡಬ್ಬಿಯ ಮೇಲಿನ ಫಲಕ ಓದಿಯೇ ಹತ್ತು. ಆ ರೈಲು ಹೋಲ್ಜ್‌ಕಿರ್ಖೆನ್‌ನಲ್ಲಿ ಒಡೆದು ಒಂದು ತುಂಡು ಬೈರಿಷ್‌ಚೆಲ್‌ಗೆ ಹೋಗುತ್ತದೆ, ಉಳಿದದ್ದು ಶಾಫ್ಟ್‌ಲಾಖ್‌ನಲ್ಲಿ ಮತ್ತೆ ಒಡೆಯುತ್ತದೆ. ಮಗ ಒಂದು ಡಬ್ಬಿ, ನೀನೊಂದು ಡಬ್ಬಿ ಆದರೆ ಕಷ್ಟ. ಭಾನುವಾರ ಅಲ್ಲಿ ಅಂಗಡಿಗಳಿಗೆ ಬೀಗ, ಬೇಕಾದ್ದನ್ನು ಶನಿವಾರವೇ ತಂದಿಟ್ಟುಕೋ.

ಬುತ್ತಿಗೆ ಅಕ್ಕಿರೊಟ್ಟಿ ಬೇಡ. ಆ ಚಳಿಗೆ ಅಕ್ಕಿಯ ಪಿಷ್ಟ ಬಿಗಿದುಕೊಂಡು ಹಪ್ಪಳದ ಹಾಗಾಗುತ್ತದೆ. ಅಗಲ ಬಾಯಿಯ ಥರ್ಮಾಸಿಗೆ ಕುದಿನೀರು ಹುಯ್ದು ಐದು ನಿಮಿಷ ಬಿಟ್ಟು ಚೆಲ್ಲು. ಆಮೇಲೆ ಹಬೆಯಾಡುವ ಕಡುಬನ್ನೋ ಬಿಸಿಬೇಳೆಬಾತನ್ನೋ ಕಂಠಮಟ್ಟ ತುಂಬು. ಅರ್ಧ ತುಂಬಿದರೆ ಮಧ್ಯಾಹ್ನಕ್ಕೆ ತಣ್ಣಗೆ. ಇನ್ನೊಂದರಲ್ಲಿ ಮೆಣಸಿನ ಸಾರು, ಕುಡಿಯಲು.

ಇನ್ನು ಎರಡನೇ ಉಣ್ಣೆ, ಉಣುಗು. ಕಾಡಿನ ದಾರಿಯಲ್ಲಿ, ಹುಲ್ಲಿನಲ್ಲಿ, ಮಾರ್ಚ್‌ನಿಂದ ಅಕ್ಟೋಬರ್‌ವರೆಗೂ ಇರುತ್ತದೆ, ಈಗಲೂ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಗೊತ್ತಲ್ಲ, ನಿಮ್ಮ ಕಡೆಯ ಎಫ್‌ಎಸ್‌ಎಂಇ, ಉಣುಗಿನಿಂದ ಬರುವ ಮಿದುಳಿನ ಉರಿಯೂತ, ಅದೇ ವೈರಸ್ ಕುಲದ ದಾಯಾದಿ. ಬವೇರಿಯಾದ ಬಹುಪಾಲು ಅದರ ಸೀಮೆ. ಕಚ್ಚಿದ ಕೂಡಲೇ ಜೊಲ್ಲಿನ ಜೊತೆ ದಾಟುತ್ತದೆ, ಆದ್ದರಿಂದ ಬೇಗ ಕಿತ್ತರೆ ಸಾಕು ಅಂದುಕೊಳ್ಳಬೇಡ. ಲಸಿಕೆ ಮೂರು ಸಲ: ಎರಡನೆಯದು ಒಂದರಿಂದ ಮೂರು ತಿಂಗಳಿಗೆ, ಮೂರನೆಯದು ಅದಾಗಿ ವರ್ಷದೊಳಗೆ. ಚಳಿಗಾಲದಲ್ಲೇ ಶುರು ಮಾಡಿದರೆ ವಸಂತಕ್ಕೆ ಮಕ್ಕಳು ತಯಾರು. ಉಣುಗಿನಿಂದಲೇ ಬರುವ ಇನ್ನೊಂದು, ಲೈಮ್ ಕಾಯಿಲೆಗೆ ಮಾತ್ರ ಲಸಿಕೆ ಇಲ್ಲ, ಅದು ದಾಟಲು ಸಾಮಾನ್ಯವಾಗಿ ಅರ್ಧ ದಿನಕ್ಕೂ ಹೆಚ್ಚು ಬೇಕು. ಮನೆಗೆ ಬಂದ ಸಂಜೆಯೇ ಕಿವಿಯ ಹಿಂದೆ, ಕೂದಲಂಚು, ಕಂಕುಳು, ಹೊಕ್ಕುಳು, ತೊಡೆಸಂದು, ಮಂಡಿಯ ಹಿಂದೆ ನೋಡು. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ.

ಸಿಕ್ಕರೆ ಚೂಪು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿ, ಹೊಟ್ಟೆ ಹಿಸುಕದೆ ನೇರ ಮೇಲಕ್ಕೆ ನಿಧಾನ ಎಳೆ. ಎಣ್ಣೆ, ಸುಣ್ಣ, ಬೀಡಿಯ ಕೆಂಡ, ನಮ್ಮೂರಿನ ಯಾವ ಮದ್ದೂ ಬೇಡ. ಹುಳು ಹೊಟ್ಟೆಯದನ್ನು ಗಾಯಕ್ಕೇ ಕಾರಿಬಿಡುತ್ತದೆ. ಕಚ್ಚಿದ ಜಾಗಕ್ಕೆ ಪೆನ್ನಿನಿಂದ ಸುತ್ತು ಹಾಕಿ ತಾರೀಕು ಬರೆದಿಡು. ವಾರಗಳಲ್ಲಿ ಕೆಂಪು ಹಬ್ಬಿ ಐದು ಸೆಂಟಿಮೀಟರ್ ದಾಟಿದರೆ ಅಥವಾ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗು. ಬಟ್ಟೆಯನ್ನು ನಲವತ್ತು ಡಿಗ್ರಿಯಲ್ಲಿ ಒಗೆದರೆ ಉಣುಗು ಸಾಯದು. ಅರವತ್ತು ಬೇಕು, ಇಲ್ಲವೇ ಡ್ರೈಯರಿನ ಬಿಸಿ.

ಇಬ್ಬರ ಪಾದದ ಅಳತೆಯನ್ನೂ ಸೆಂಟಿಮೀಟರಿನಲ್ಲಿ ಕಳಿಸು, ಅಲ್ಲಿನ ನಂಬರು ನನಗೆ ತಿಳಿಯದು. ನೂಲು ತಂದಿಟ್ಟಿದ್ದೇನೆ.

ಇತಿ,
ನಿನ್ನ ದೊಡ್ಡಮ್ಮ